ಮನೆಯಿಂದ ಮನೆಗೆ ಇರುವ ದೂರ

ಶಿರಸಿ, ಸಿದ್ದಾಪುರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಊರೆಂದರೆ ಎಷ್ಟೋ ಕಡೆ ಐದಾರು ಮನೆ. ಅವೂ ಒಂದರ ಕಣ್ಣಿಗೆ ಇನ್ನೊಂದು ಬೀಳದಂತೆ ಕಣಿವೆಗೊಂದೊಂದಾಗಿ ನಿಂತವು. ಅಲ್ಲಿಂದ ಮೂಡಣಕ್ಕೆ ಸಾಗಿ ಚಿತ್ರದುರ್ಗದ ಕೆಮ್ಮಣ್ಣಿನ ನಾಡನ್ನೋ ಗದಗದ ಎರೆಯ ಬಯಲನ್ನೋ ಹೊಕ್ಕರೆ, ಹರದಾರಿಗಟ್ಟಲೆ ಹೊಲಗಳ ನಡುವೆ ಒಂದು ಮನೆಯೂ ಕಾಣದೆ, ಆಮೇಲೆ ಒಮ್ಮೆಗೇ ನೂರಾರು ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನೆರೆದಿರುವ ಗ್ರಾಮವೊಂದು ಎದುರಾಗುವುದು. ಮಲೆನಾಡಿಗರು ಏಕಾಂತಪ್ರಿಯರು, ಬಯಲುಸೀಮೆಯವರು ಸಂಗಪ್ರಿಯರು ಎಂದು ಹೇಳಿ ಈ ಭೇದವನ್ನು ಸ್ವಭಾವದ ಲೆಕ್ಕಕ್ಕೆ ಬರೆಯುವುದುಂಟು. ಆದರೆ ಇದರ ಕಾರಣವನ್ನು ಜನರ ಮನಸ್ಸಿನಲ್ಲಿ ಅರಸುವುದಕ್ಕೆ ಮುಂಚೆ ಅವರ ಕಾಲಡಿಯ ನೆಲದಲ್ಲಿ, ಅದಕ್ಕೂ ಮುಂಚೆ ಅವರಿಗೆ ದೊರೆಯುವ ನೀರಿನಲ್ಲಿ ಅರಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದ ಮೇಲಿಂದ ಬೀಸಿಬರುವ ತೇವಭರಿತ ಮಾರುತವು ಸಹ್ಯಾದ್ರಿಯ ಗೋಡೆಗೆ ಎದುರಾಗಿ ಮೇಲೇರಲೇಬೇಕಾಗುತ್ತದೆ. ಏರಿದ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ತಣ್ಣಗಾದ ಗಾಳಿಗೆ ಹೊತ್ತುತಂದ ನೀರಾವಿಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕುಂದಿ, ಅದು ಮಳೆಯಾಗಿ ಸುರಿಯುತ್ತದೆ. ಘಟ್ಟವನ್ನು ದಾಟಿ ಪೂರ್ವಕ್ಕೆ ಇಳಿಯುವ ಅದೇ ಗಾಳಿ ಮತ್ತೆ ಬೆಚ್ಚಗಾಗಿ, ಒಣಗಿ, ಮೋಡಗಳನ್ನು ಕರಗಿಸುತ್ತ ಸಾಗುತ್ತದೆ. ಆದುದರಿಂದಲೇ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮಿಗಿಲಾದ ಮಳೆ ಬೀಳುವ ಆಗುಂಬೆಗೂ, ೫೦೦ ಮಿಲಿಮೀಟರಿನ ಆಸುಪಾಸಿನಲ್ಲೇ ತೃಪ್ತಿಪಡಬೇಕಾದ ಚಳ್ಳಕೆರೆಗೂ ನಡುವಣ ನೇರ ಅಂತರ ೨೦೦ ಕಿಲೋಮೀಟರಿನೊಳಗೇ ಇದೆ. ಇಷ್ಟು ಕಿರಿದಾದ ಅವಕಾಶದಲ್ಲಿ ಇಷ್ಟು ಹಿರಿದಾದ ವ್ಯತ್ಯಾಸವಿರುವ ನಾಡುಗಳು ಲೋಕದಲ್ಲಿ ಹೆಚ್ಚಿಲ್ಲ.

ಮಳೆಯ ಸಮೃದ್ಧಿಯೊಂದೇ ಮಲೆನಾಡಿನ ಮನೆಗಳನ್ನು ಚದುರಿಸಲಿಲ್ಲ. ಅಡಕೆಮರಕ್ಕೆ ವರ್ಷವಿಡೀ ಬೇರಿನ ತಂಪು ಬೇಕು, ಪಡುವಣ ಬಿಸಿಲಿನಿಂದಲೂ ಬಿರುಗಾಳಿಯಿಂದಲೂ ಮರೆ ಬೇಕು. ಇವೆಲ್ಲವೂ ಒಟ್ಟಿಗೆ ಒದಗುವುದು ಇಕ್ಕಟ್ಟಾದ ಕಣಿವೆಗಳ ತಳದಲ್ಲಿ ಮಾತ್ರ. ಮಳೆಗಾಲದಲ್ಲಿ ಕಾಡಿನ ಮಣ್ಣು ಹೀರಿಕೊಂಡ ನೀರು ಬೇಸಗೆಯುದ್ದಕ್ಕೂ ಗುಡ್ಡದ ಬುಡದಲ್ಲಿ ಒರತೆಯಾಗಿ ಜಿನುಗುತ್ತದೆ. ಅದನ್ನು ಸೀಳಿದ ಅಡಕೆಮರದ ದಬ್ಬೆಗಳಲ್ಲಿ ಹರಿಸಿ ತೋಟಕ್ಕೂ ಬಚ್ಚಲಿಗೂ ತಂದುಕೊಳ್ಳುವರು. ನೀರು ಕಾಲಬುಡಕ್ಕೇ ಬರುವಲ್ಲಿ ನೆರೆಮನೆಯ ಬಾವಿಯನ್ನು ಆಶ್ರಯಿಸುವ ಪ್ರಮೇಯವೇ ಇಲ್ಲ. ಕಣಿವೆಯೊಂದು ಒಂದೆರಡು ಸಂಸಾರಗಳಿಗೆ ಸಾಲುವಷ್ಟು ತೋಟವನ್ನಷ್ಟೇ ಕೊಡಬಲ್ಲುದು. ಮುಂದಿನ ತೋಟಕ್ಕೆ ಗುಡ್ಡ ಹತ್ತಿ ಮುಂದಿನ ಕಣಿವೆಗೇ ಇಳಿಯಬೇಕು. ಅತಿವೃಷ್ಟಿಯಲ್ಲಿ ಸತ್ತ್ವವೆಲ್ಲ ತೊಳೆದುಹೋಗುವ ಆ ಮಣ್ಣಿಗೆ ಗೊಬ್ಬರವೂ ಅಪಾರವಾಗಿ ಬೇಕು. ಹಸಿಸೊಪ್ಪನ್ನೂ ದರಕನ್ನೂ ಸುತ್ತಣ ಬೆಟ್ಟದಿಂದ ಹೊತ್ತುತಂದು, ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಿ, ಗೊಬ್ಬರಮಾಡಿ ಮರದ ಬುಡಕ್ಕೆ ಒದಗಿಸಬೇಕಾದುದರಿಂದಲೇ ಉತ್ತರ ಕನ್ನಡದ ಘಟ್ಟದ ಮೇಲಣ ತೋಟಿಗರಿಗೆ ಎಕರೆ ತೋಟಕ್ಕೆ ೯ ಎಕರೆಯವರೆಗೂ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಬಂದಿತು. ಒಂದು ಎಕರೆಯ ಫಲಕ್ಕೆ ಅದರ ಒಂಬತ್ತರಷ್ಟು ಕಾಡು ಬೆನ್ನಿಗೆ ನಿಲ್ಲಬೇಕಾದ ನಾಡಿನಲ್ಲಿ ಮನೆಗಳು ಹತ್ತಿರ ಹತ್ತಿರ ನಿಲ್ಲುವುದಾದರೂ ಹೇಗೆ?

ಪೂರ್ವದ ಕೆಮ್ಮಣ್ಣಿನ ಸೀಮೆಯಲ್ಲಿ ನೆಲದಡಿಯಿರುವುದು ಬಹುಮಟ್ಟಿಗೆ ೩೦೦ ಕೋಟಿ ವರ್ಷಗಳಷ್ಟು ಹಳೆಯದಾದ ಗಟ್ಟಿ ನೈಸ್ ಶಿಲೆ. ಆ ಬಂಡೆ ತನ್ನ ಒಡಲಲ್ಲಿ ನೀರನ್ನು ತುಂಬಿಕೊಳ್ಳದು. ಮೇಲಣ ಸವೆದ ಪದರವೂ ಅಲ್ಲಲ್ಲಿಯ ಬಿರುಕುಗಳೂ ಹಿಡಿದಷ್ಟೇ ಅಂತರ್ಜಲ. ಕೆಲವೇ ದಿನಗಳಲ್ಲಿ ಸುರಿದು ಹರಿದುಹೋಗುವ ಮಳೆಯನ್ನು ತಗ್ಗಿನಲ್ಲಿ ತಡೆದು ನಿಲ್ಲಿಸುವುದೊಂದೇ ಅಲ್ಲಿಯ ಪೂರ್ವಿಕರಿಗೆ ಉಳಿದಿದ್ದ ಉಪಾಯ. ಕರ್ನಾಟಕದ ೩೬ ಸಾವಿರಕ್ಕೂ ಮಿಕ್ಕ ಕೆರೆಗಳಲ್ಲಿ ಬಹುಪಾಲು ಈ ಅವಶ್ಯಕತೆಯಿಂದ ಹುಟ್ಟಿದವು. ಆದರೆ ಕೆರೆಯೆಂಬುದು ಒಬ್ಬನಿಂದಾಗುವ ಕೆಲಸವಲ್ಲ. ಏರಿಯನ್ನು ಕಟ್ಟಲು, ಹೂಳೆತ್ತಲು, ತುಂಬಿದ ರಾತ್ರಿ ಕೋಡಿಯನ್ನು ಕಾಯಲು ಊರಿಗೆ ಊರೇ ಬೇಕು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯನ್ನು ತುಂಬಿಸುವ ಸಾಲುಕೆರೆಗಳಲ್ಲಿಯಂತೂ ಒಂದೂರಿನ ಅಜಾಗ್ರತೆ ಇನ್ನೊಂದೂರನ್ನು ಮುಳುಗಿಸಬಲ್ಲುದು. ತೂಬನ್ನೆತ್ತಿ ಅಚ್ಚುಕಟ್ಟಿನ ಗದ್ದೆಗದ್ದೆಗೂ ಸರದಿಯಂತೆ ನೀರು ಬಿಡುವ ನೀರುಗಂಟಿಗೆ ಸುಗ್ಗಿಯ ಕಾಲಕ್ಕೆ ಕಣದಲ್ಲಿಯೇ ಧಾನ್ಯದ ಪಾಲು ಸಲ್ಲುತ್ತಿತ್ತು. ನೀರು ಒಂದೆಡೆ ನಿಂತುದರಿಂದ ಜನವೂ ಒಂದೆಡೆ ನಿಂತಿತು.

ವಿಜಯಪುರದ ಕಡೆಯ ಎರೆಭೂಮಿಯ ಕಥೆ ಇನ್ನೂ ವಿಲಕ್ಷಣವಾದುದು. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಡಿದ ಲಾವಾರಸವು ಹೆಪ್ಪುಗಟ್ಟಿ ಕರಿಯ ಬಸಾಲ್ಟ್ ಶಿಲೆಯಾಯಿತು. ಅದು ಸವೆದು ಎರೆಯಾಯಿತು. ಆ ಜೇಡಿಯ ಸೂಕ್ಷ್ಮ ಪದರಗಳು ನೀರುಂಡರೆ ಉಬ್ಬುವುವು, ಒಣಗಿದರೆ ಕುಗ್ಗುವುವು. ಬೇಸಗೆಯಲ್ಲಿ ಕೈ ಹೋಗುವಷ್ಟು ಅಗಲವಾಗಿ ಬಾಯ್ಬಿಡುವ ನೆಲ ಮಳೆನೀರನ್ನು ಆಳಕ್ಕೆ ಕುಡಿದು, ಮತ್ತೆ ಬಾಯಿ ಮುಚ್ಚಿಕೊಳ್ಳುತ್ತದೆ. ಮಳೆ ನಿಂತ ಮೇಲೆ ಕೂರಿಗೆ ಹೂಡಿ ಬಿತ್ತಿದ ಹಿಂಗಾರಿ ಜೋಳ ಆ ಸಂಚಿತ ತೇವವನ್ನೇ ನೆಚ್ಚಿ ತೆನೆಗಟ್ಟುತ್ತದೆ. ಬೆಳೆಗೆ ಇಷ್ಟು ಹಿತವಾದ ಮಣ್ಣು ಮನೆಗೆ ಅಹಿತ. ಉಬ್ಬಿ ಕುಗ್ಗುವ ನೆಲದ ಮೇಲೆ ಗೋಡೆಗಳು ಸೀಳುವುವು, ಮಳೆಗಾಲದಲ್ಲಿ ಹೊಲದೊಳಗೆ ಚಕ್ಕಡಿಯೂ ಚಲಿಸದು. ಹೀಗಾಗಿ ಹಳ್ಳದ ದಡದ ಗಟ್ಟಿ ದಿಬ್ಬವೊಂದನ್ನು ಆರಿಸಿಕೊಂಡು, ದಪ್ಪ ಗೋಡೆಯ, ಮಣ್ಣು ಮಾಳಿಗೆಯ ಮನೆಗಳು ಅಲ್ಲಿಯೇ ಒತ್ತಾಗಿ ನಿಂತವು.

ಆ ಊರುಗಳ ಹಗೇವು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಕಿರಿದಾದ ಬಾಯಿ, ಅಗಲವಾದ ಒಡಲು ಇರುವಂತೆ ಗಟ್ಟಿನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹೊದಿಸಿ, ಜೋಳ ಸುರಿದು, ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ, ಕಾಳೂ ಅದರೊಳಗಿನ ಹುಳುವೂ ಉಸಿರಾಡಿ ಉಸಿರಾಡಿ ಒಳಗಣ ಆಮ್ಲಜನಕ ಕ್ಷೀಣಿಸಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಸಾಯುತ್ತದೆ, ಕಾಳು ವರ್ಷಗಳವರೆಗೆ ಉಳಿಯುತ್ತದೆ. ಹಗೇವನ್ನು ತೆರೆದೊಡನೆ ಇಳಿಯದೆ, ಮೊದಲು ದೀಪವನ್ನು ಇಳಿಬಿಟ್ಟು ಅದು ಆರುವುದೋ ಉರಿಯುವುದೋ ಎಂದು ನೋಡುವ ಎಚ್ಚರಿಕೆ ಅಲ್ಲಿಯ ರೈತರಿಗೆ ಯಾವ ರಸಾಯನಶಾಸ್ತ್ರದ ಪಾಠವೂ ಇಲ್ಲದೆ ತಿಳಿದಿತ್ತು. ಮಳೆ ಕೈಕೊಟ್ಟ ವರ್ಷಕ್ಕೆಂದು ಕಾಳನ್ನು ಹೂತಿಡುವ ಈ ಉಪಾಯ ಒಣ ನೆಲದಲ್ಲಿ ಮಾತ್ರ ಸಾಧ್ಯ. ಕರಾವಳಿಯಲ್ಲಿ ಹಾಗೆ ಮಾಡಿದರೆ ಒಂದೇ ಆಷಾಢಕ್ಕೆ ಧಾನ್ಯವೆಲ್ಲ ಮೊಳೆತು ಕೊಳೆಯುವುದು. ಆದುದರಿಂದ ಅಲ್ಲಿ ಅಕ್ಕಿಯನ್ನು ಹುಲ್ಲಿನ ಮುಡಿಯಾಗಿ ಬಿಗಿದು ನೆಲಕ್ಕೆ ತಾಗದಂತೆ ಮೇಲೆ ಇಡುವರು.

ನೆಲವೇ ಎಲ್ಲವನ್ನೂ ನಿರ್ಣಯಿಸುತ್ತದೆಂದು ಹೇಳಿದರೆ ಅತಿಯಾದೀತು. ಬಯಲಿನ ಊರುಗಳ ಅಗಸೆಬಾಗಿಲು, ಹುಡೇವುಗಳು ದಂಡಿನ ಭಯವನ್ನೂ ನೆನಪಿಗೆ ತರುತ್ತವೆ. ಸಂಪತ್ತು ಇದ್ದ ಮಾತ್ರಕ್ಕೆ ಪೇಟೆ ಹುಟ್ಟದು, ದಾರಿಯೂ ಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗೇರುತ್ತಿದ್ದುದರಿಂದ ವರ್ತಕರ ಬಾಯಲ್ಲಿ ಅದು ಕುಮಟೆಯ ಹತ್ತಿಯೇ ಆಗಿಬಿಟ್ಟಿತು. ೧೮೬೧ರಿಂದ ೧೮೬೫ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ ಆ ಬಂದರಿನ ಭಾಗ್ಯ ಉಕ್ಕಿತು. ೧೮೯೦ರ ಸುಮಾರಿಗೆ ರೈಲುಮಾರ್ಗವು ಹುಬ್ಬಳ್ಳಿಯನ್ನು ಮರ್ಮಗೋವಾ ಬಂದರಿಗೆ ಜೋಡಿಸಿದ ಮೇಲೆ, ಎರೆಯೂ ಹತ್ತಿಯೂ ಇದ್ದಂತೆಯೇ ಇದ್ದರೂ, ಕುಮಟೆಯ ವ್ಯಾಪಾರ ಇಳಿಮುಖವಾಯಿತು.

ಈಚಿನ ದಶಕಗಳಲ್ಲಿ ಈ ಹಳೆಯ ವ್ಯವಸ್ಥೆಯನ್ನು ಬುಡಮೇಲು ಮಾಡಿದುದು ಕೊಳವೆಬಾವಿ. ಸ್ವಂತ ಹೊಲದಲ್ಲಿ ಸ್ವಂತ ನೀರು ದೊರೆತೊಡನೆ ಕೆರೆಯ ಹಂಗು ಹರಿಯಿತು. ಬಯಲುಸೀಮೆಯಲ್ಲಿಯೂ ತೋಟದ ಮನೆಗಳು ಒಂಟಿಯಾಗಿ ಏಳತೊಡಗಿದವು, ಊರಿನ ಕೆರೆಗಳು ಹೂಳು ತುಂಬಿ ಜಾಲಿಯ ಪಾಲಾದವು. ಕಣಿವೆಯ ತಂಪನ್ನೇ ಬಯಸುವ ಅಡಕೆ ಹೊಳಲ್ಕೆರೆ, ಹೊಸದುರ್ಗಗಳ ಬಿಸಿಲಿಗೂ ಬಂದಿತು. ಬೆಲೆ ಬರುವ ಬೆಳೆಯನ್ನು ಬೆಳೆಯಬಯಸುವ ರೈತನನ್ನು ಆಕ್ಷೇಪಿಸಲು ನನಗೆ ಮನಸ್ಸು ಬಾರದು. ಆದರೆ ಆ ತೋಟಗಳ ಅಡಿಯಲ್ಲಿರುವುದು ಒರತೆಯಿಳಿಸುವ ಕಾಡುಗುಡ್ಡವಲ್ಲ, ಅದೇ ಗಟ್ಟಿಬಂಡೆ. ಅದರ ಬಿರುಕಿನ ನೀರು ಮಳೆಯಿಂದ ತುಂಬುವುದಕ್ಕಿಂತ ಬೇಗನೆ ಪಂಪಿನಿಂದ ಖಾಲಿಯಾಗುತ್ತದೆ. ಬರದ ವರ್ಷಗಳಲ್ಲಿ, ಸಾವಿರ ಅಡಿ ಕೊರೆದರೂ ಧೂಳೇ ಬಂದಾಗ, ಸಾಲಮಾಡಿ ಟ್ಯಾಂಕರಿನಲ್ಲಿ ನೀರು ತರಿಸಿ ಮರದ ಬುಡಬುಡಕ್ಕೂ ಹೊಯ್ದು ಹತ್ತು ವರ್ಷ ಸಾಕಿದ ತೋಟವನ್ನು ಉಳಿಸಿಕೊಳ್ಳಲು ಅಲ್ಲಿಯ ರೈತರು ಹೆಣಗುತ್ತಾರೆ.