ಎರಡು ಇಂಧನಗಳ ಮೋಟಾರು ಗಾಡಿಗೆ ತಕ್ಕ ಇಂಧನವನ್ನು ಆರಿಸುವ ಕ್ರಮ

ಕಬ್ಬಿನಿಂದ ಸಕ್ಕರೆ ಬೆಲ್ಲಗಳಲ್ಲದೆ ಮದ್ಯಸಾರವೂ ದೊರೆಯುವುದೆಂಬುದು ಮಂಡ್ಯ ಸೀಮೆಯ ಜಮೀನುದಾರರಿಗೆ ಹೊಸ ಸಂಗತಿಯಲ್ಲ. ಕಾಕಂಬಿಯನ್ನು ಹುದುಗೆಬ್ಬಿಸಿ ಬಟ್ಟಿಯಿಳಿಸಿ ಪಡೆಯುವ ಈ ದ್ರವಕ್ಕೆ ಎಥೆನಾಲ್ ಎಂದು ಹೆಸರು. ಇದನ್ನು ಮೋಟಾರುಗಳಲ್ಲಿ ಉಪಯೋಗಿಸುವ ವಿಷಯವಾಗಿ ಇಂಡಿಯಾ ದೇಶದಲ್ಲಿ 1948ರಲ್ಲಿಯೇ ಒಂದು ಕಾನೂನು ಏರ್ಪಟ್ಟಿತ್ತು. ಬ್ರೆಜಿಲ್ ದೇಶದವರು 1975ರಲ್ಲಿ ಕಬ್ಬಿನ ಮದ್ಯಸಾರದ ದೊಡ್ಡ ಯೋಜನೆಯನ್ನು ಕೈಗೊಂಡು, 2003ರಿಂದ ಪೆಟ್ರೋಲು, ಮದ್ಯಸಾರ ಇವೆರಡರಲ್ಲಿ ಯಾವುದನ್ನು ತುಂಬಿದರೂ ನಡೆಯುವ ಗಾಡಿಗಳನ್ನು ಮಾರುತ್ತ ಬಂದಿರುವರು. ನಮ್ಮಲ್ಲಿ 2023ರಲ್ಲಿ ನೂರಕ್ಕೆ 20 ಭಾಗ ಎಥೆನಾಲ್ ಬೆರೆತ ಪೆಟ್ರೋಲು ಮಾರಾಟಕ್ಕೆ ಬಂದಿತು. 2024ರ ಮಾರ್ಚಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ಪ್ರಾಂತಗಳ ಆಯ್ದ ಬಂಕುಗಳಲ್ಲಿ ಬಹುಪಾಲು ಎಥೆನಾಲೇ ಆಗಿರುವ ಇಂಧನವನ್ನೂ ಮಾರಲಾರಂಭಿಸಿದರು.

ಇಂತಹ ಗಾಡಿಯನ್ನು ಕೊಂಡವರಿಗೆ ಬಂಕಿನ ಮುಂದೆ ನಿಂತಾಗ ಹುಟ್ಟುವ ಪ್ರಶ್ನೆಯು ಒಂದೇ: ಯಾವುದನ್ನು ತುಂಬಿಸುವುದು? ಬೆಲೆಯ ಹಲಗೆಯನ್ನು ಮಾತ್ರ ನೋಡಿ ನಿರ್ಧರಿಸುವವರು ಮೋಸಹೋಗುವರು. ಒಂದು ಲೀಟರು ಎಥೆನಾಲಿನಲ್ಲಿರುವ ಶಾಖಶಕ್ತಿಯು ಶುದ್ಧ ಪೆಟ್ರೋಲಿನದರ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಆದುದರಿಂದ ಅಷ್ಟೇ ದೂರಕ್ಕೆ ಹೆಚ್ಚು ಲೀಟರು ಬೇಕಾಗುವುದು. ಲೆಕ್ಕಕ್ಕಾಗಿ, 20 ಭಾಗ ಮಿಶ್ರಣದ ಪೆಟ್ರೋಲಿನ ಲೀಟರಿಗೆ 100 ರೂಪಾಯಿಯೆಂದೂ ಅದರಲ್ಲಿ ಗಾಡಿಯು 14 ಕಿಲೋಮೀಟರು ಹೋಗುವುದೆಂದೂ ಭಾವಿಸಿರಿ. ಎಥೆನಾಲಿನಲ್ಲಿ ಅದು ಸುಮಾರು 10 ಕಿಲೋಮೀಟರು ಹೋದೀತು. 280 ಕಿಲೋಮೀಟರಿನ ಪ್ರಯಾಣಕ್ಕೆ ಪೆಟ್ರೋಲು 20 ಲೀಟರು, ಖರ್ಚು 2000 ರೂಪಾಯಿ. ಎಥೆನಾಲು 28 ಲೀಟರು. ಅದರ ಬೆಲೆ 70 ರೂಪಾಯಿಯಾದರೆ 1960 ರೂಪಾಯಿ ತಗಲಿ ಅಲ್ಪ ಲಾಭವುಂಟು. 80 ಆದರೆ 2240 ತಗಲಿ ನಷ್ಟವೇ ಸರಿ. ಪೆಟ್ರೋಲಿನ ಬೆಲೆಯ ನೂರಕ್ಕೆ 70 ಪಾಲಿಗಿಂತ ಕಡಿಮೆಯಿದ್ದರೆ ಮಾತ್ರ ಮದ್ಯಸಾರವನ್ನು ಕೊಳ್ಳತಕ್ಕದ್ದೆಂದು ಬ್ರೆಜಿಲಿನವರು ನೋಡುವ ಲೆಕ್ಕವೂ ಇದೇ. ಆದರೂ ಗಾಡಿಗಾಡಿಗೆ ವ್ಯತ್ಯಾಸವುಂಟಾದುದರಿಂದ, ಒಂದೊಂದು ಇಂಧನದಲ್ಲಿ ಒಂದೆರಡು ಟ್ಯಾಂಕು ಓಡಿಸಿ ತಮ್ಮ ಗಾಡಿಯ ಲೆಕ್ಕವನ್ನು ತಾವೇ ಬರೆದಿಟ್ಟುಕೊಳ್ಳುವುದು ಉತ್ತಮ.

ಇನ್ನು ಅಕ್ಟೇನ್ ಅಂಕದ ಮಾತು. ಸಿಲಿಂಡರಿನೊಳಗೆ ಒತ್ತಲ್ಪಟ್ಟ ಇಂಧನವು ಅಕಾಲದಲ್ಲಿ ಹೊತ್ತಿ ಎಂಜಿನು ಕುಟ್ಟುವ ಶಬ್ದ ಮಾಡದಂತೆ ತಡೆಯುವ ಗುಣಕ್ಕೆ ಈ ಅಂಕವು ಅಳತೆಯೇ ಹೊರತು, ಶಕ್ತಿಗೆ ಅಳತೆಯಲ್ಲ. ಎಥೆನಾಲಿನ ಅಂಕವು ಸುಮಾರು 108. 20 ಭಾಗ ಮಿಶ್ರಣದ್ದು 95. ತಯಾರಕರ ಪುಸ್ತಕದಲ್ಲಿ ಸಾಮಾನ್ಯ ಪೆಟ್ರೋಲು ಸಾಕೆಂದು ಬರೆದಿರುವಾಗ 100ರ ಅಂಕದ ದುಬಾರಿ ಪೆಟ್ರೋಲನ್ನು ತುಂಬಿಸುವುದು ಹಣವನ್ನು ನೀರಿಗೆ ಸುರಿದಂತೆ.

ಎರಡನ್ನೂ ಒಂದೇ ಟ್ಯಾಂಕಿನಲ್ಲಿ ಬೆರೆಸಬಹುದೇ ಎಂದು ಶಂಕಿಸುವವರುಂಟು. ಧಾರಾಳವಾಗಿ ಬೆರೆಸಬಹುದು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿಯೂ, ಎಥೆನಾಲಿಗೆ 9 ಪಾಲು ಗಾಳಿಯೂ ಬೇಕು. ಮಿಶ್ರಣವನ್ನು ಅರಿಯುವ ಉಪಕರಣವು ಗಾಡಿಯಲ್ಲಿಯೇ ಇದ್ದು, ಇಂಧನದ ಪ್ರಮಾಣವನ್ನು ತಾನೇ ಸರಿಪಡಿಸುವುದು. ಇಂಧನವನ್ನು ಬದಲಾಯಿಸಿದ ಕೂಡಲೆ ಗಾಡಿಯನ್ನು ನಿಲ್ಲಿಸಿಬಿಡದೆ ಕೆಲವು ಕಿಲೋಮೀಟರು ಓಡಿಸತಕ್ಕದ್ದು. ಚಳಿಯಲ್ಲಿ ಮದ್ಯಸಾರವು ಸುಲಭವಾಗಿ ಆವಿಯಾಗದು. ಕೊಡಗಿನಂತಹ ಸೀಮೆಗಳಲ್ಲಿ ಮಾಗಿಯ ಮುಂಜಾನೆ ಎಂಜಿನು ತಡವಾಗಿ ಹೊರಡುವುದಾದರೆ ಪೆಟ್ರೋಲಿನ ಪಾಲನ್ನು ಹೆಚ್ಚಿಸಬೇಕು.

ಮುಖ್ಯವಾದ ಎಚ್ಚರಿಕೆಯೊಂದುಂಟು. ಈ ಸ್ವಾತಂತ್ರ್ಯವು ಇದಕ್ಕೆಂದೇ ನಿರ್ಮಿತವಾದ ಗಾಡಿಗಳಿಗೆ ಮಾತ್ರ. ಮನೆಯಲ್ಲಿರುವ ಹಳೆಯ ಜೀಪು, ಮೋಟಾರು ಸೈಕಲ್, ಪೆಟ್ರೋಲಿನ ಪಂಪುಸೆಟ್ಟು ಇವುಗಳಿಗೆ ಆ ಅಗ್ಗದ ಇಂಧನವನ್ನೇ ಸುರಿದರೆ, ರಬ್ಬರಿನ ಕೊಳವೆಗಳು ಉಬ್ಬಿ ಬಿರಿಯುವುವು, ಅಲ್ಯುಮಿನಿಯಂ ಭಾಗಗಳು ಸವೆಯುವುವು, ಎಂಜಿನು ಇಂಧನ ಸಾಲದೆ ಅತಿಯಾಗಿ ಕಾಯುವುದು. ಡೀಸೆಲ್ ಟ್ರಾಕ್ಟರಿಗಂತೂ ಇದನ್ನು ಹಾಕಲೇ ಕೂಡದು. ಆಳುಗಳಿಗೆ ಡಬ್ಬಗಳು ತಪ್ಪದಂತೆ ಬೇರೆ ಬಣ್ಣ ಬಳಿಸಿಡುವುದೊಳ್ಳೆಯದು. ಇದನ್ನು ಸಾರಾಯಿಯೆಂದು ತಿಳಿದು ಕುಡಿಯುವ ಅವಿವೇಕಿಗಳಿದ್ದಾರು. ಇಂಧನಕ್ಕಾಗಿ ಸಿದ್ಧಪಡಿಸಿದ ಈ ದ್ರವವು ವಿಷವೆಂಬುದನ್ನು ಗ್ರಾಮದಲ್ಲಿ ಸಾರಿಸಬೇಕು.

ಎಥೆನಾಲು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಮಿಶ್ರಣಕ್ಕೆ ನೀರು ಹೆಚ್ಚಾಗಿ ಸೇರಿದರೆ ಮದ್ಯಸಾರವೂ ನೀರೂ ಕೂಡಿ ತಳಕ್ಕಿಳಿದು, ಎಂಜಿನು ಅದನ್ನೇ ಎಳೆದುಕೊಂಡು ನಿಂತುಹೋಗುವುದು. ಆದುದರಿಂದ ಮಳೆಗಾಲದಲ್ಲಿ ಡಬ್ಬದಲ್ಲಿ ತಂದು ತಿಂಗಳುಗಟ್ಟಲೆ ಕೂಡಿಡಬಾರದು. ಗಾಡಿಯನ್ನು ಬಹುದಿನ ನಿಲ್ಲಿಸಬೇಕಾದಲ್ಲಿ ಟ್ಯಾಂಕನ್ನು ತುಂಬಿಸಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸತಕ್ಕದ್ದು.