ಬೋರಲು ಬಿದ್ದವನ ಉಸಿರು

ಮನೋರೋಗದಿಂದ ಬಳಲುತ್ತಿರುವವನೊಬ್ಬನು ನಡುರಾತ್ರಿಯಲ್ಲಿ ಅಂಗಳಕ್ಕಿಳಿದು, ಇಲ್ಲದ ಶತ್ರುಗಳನ್ನು ಕಂಡು ಕೂಗಾಡತೊಡಗಿದನೆನ್ನಿ. ಬಂಟ್ವಾಳ ತಾಲ್ಲೂಕಿನ ಸಿದ್ಧಕಟ್ಟೆಯಂತಹ ಊರಿನಲ್ಲಿ ನೆರೆಯವರು ಓಡಿ ಬರುವರು. ಕೆಲವರು ಭೂತದ ಉಪದ್ರವವೆನ್ನುವರು. ಕೆಲವರು ಹಗ್ಗ ಹುಡುಕುವರು. ಯಾರೋ ಒಬ್ಬರು ಪೋಲೀಸರನ್ನು ಕರೆಯುವರು. ಕಳ್ಳನನ್ನು ಹಿಡಿಯಲು ಕಲಿತ ಉಪಾಯವನ್ನೇ ಅವರು ಇಲ್ಲಿಯೂ ಬಳಸಿ, ಅವನನ್ನು ಕೆಡವಿ ಬೋರಲು ಹಾಕಿ, ಬೆನ್ನ ಮೇಲೆ ಮೊಣಕಾಲೂರಿದರೆ ಆ ದೇಹದೊಳಗೆ ಏನು ನಡೆಯುತ್ತದೆಂಬುದು ವಿಚಾರಿಸತಕ್ಕ ವಿಷಯ.

ಎದೆಗೂಡು ಒಂದು ತಿದಿಯಂತೆ. ವಪೆ ಕೆಳಗಿಳಿದು ಹೊಟ್ಟೆಯನ್ನು ಮುಂದಕ್ಕೆ ತಳ್ಳಿದಾಗ, ಪಕ್ಕೆಲುಬುಗಳು ಮೇಲೆದ್ದಾಗ ಗಾಳಿ ಒಳಗೆ ಬರುತ್ತದೆ. ಸುಮ್ಮನೆ ಕುಳಿತವನಿಗೆ ನಿಮಿಷಕ್ಕೆ ಆರೇಳು ಲೀಟರು ಗಾಳಿ ಸಾಕು. ಮೈಮುರಿದು ಹೆಣಗಾಡುವವನಿಗೆ ಅದರ ಹತ್ತರಷ್ಟು ಬೇಕಾದೀತು. ಬೋರಲು ಬಿದ್ದವನ ಹೊಟ್ಟೆ ನೆಲಕ್ಕೆ ಒತ್ತಿಕೊಂಡಿರುತ್ತದೆ. ಬೆನ್ನ ಮೇಲಿನ ಭಾರವನ್ನು ಪ್ರತಿ ಉಸಿರಿಗೂ ಎತ್ತಬೇಕಾಗುತ್ತದೆ. 30 ಕಿಲೋಗ್ರಾಂ ಭಾರವನ್ನು ಅರ್ಧ ಸೆಂಟಿಮೀಟರು ಎತ್ತಲು ಸುಮಾರು ಒಂದೂವರೆ ಜೂಲ್ ಶಕ್ತಿ ಬೇಕು. ಶಾಂತವಾದ ಒಂದು ಉಸಿರಿಗೆ ಅದರ ಕಾಲುಭಾಗವೂ ಬೇಕಾಗದು.

ಆರೋಗ್ಯವಂತ ಸ್ವಯಂಸೇವಕರನ್ನು ಪ್ರಯೋಗಶಾಲೆಯಲ್ಲಿ ಬೋರಲು ಮಲಗಿಸಿ, ಬೆನ್ನ ಮೇಲೆ ತೂಕವಿರಿಸಿ ನೋಡಿದವರುಂಟು. ಅವರಿಗೆ ಪ್ರಾಣಾಪಾಯವೇನೂ ಕಂಡುಬರಲಿಲ್ಲ. ಆದರೆ ಸ್ವಯಂಸೇವಕನಿಗೆ ಭಯವಿಲ್ಲ. ಸಾಕೆಂದರೆ ಭಾರವನ್ನು ತೆಗೆಯುತ್ತಾರೆಂದು ಅವನು ಬಲ್ಲ. ನಮ್ಮ ರೋಗಿಯಾದರೋ ಓಡಿ, ಹೊಡೆದಾಡಿ ದಣಿದವನು. ಸ್ನಾಯುಗಳಲ್ಲಿ ಹುಟ್ಟಿದ ಲ್ಯಾಕ್ಟಿಕ್ ಆಮ್ಲದಿಂದ ಅವನ ರಕ್ತದ ಆಮ್ಲತೆ ಏರಿರುತ್ತದೆ. ಅದನ್ನು ಇಳಿಸಲು ದೇಹಕ್ಕೆ ತಕ್ಷಣಕ್ಕಿರುವ ದಾರಿ ಬಿರುಸಾಗಿ ಉಸಿರಾಡಿ ಇಂಗಾಲದ ಡೈ ಆಕ್ಸೈಡನ್ನು ಹೊರಹಾಕುವುದು. ಆ ದಾರಿಯೇ ಮುಚ್ಚಿದರೆ ಹೃದಯ ನಿಲ್ಲಬಹುದು. ಇನ್ನೂ ಒಂದು ವಿಪರೀತವುಂಟು. ಗಾಳಿಗಾಗಿ ಅವನು ಕೊಸರಿದಷ್ಟೂ ಮೇಲಿದ್ದವರಿಗೆ ಅದು ಪ್ರತಿಭಟನೆಯಾಗಿ ಕಾಣುತ್ತದೆ. ಅವರು ಇನ್ನಷ್ಟು ಒತ್ತುತ್ತಾರೆ. ಅವನು ಸುಮ್ಮನಾದಾಗ ಶಾಂತನಾದನೆಂದುಕೊಳ್ಳುತ್ತಾರೆ.

2020ನೇ ಮಾರ್ಚಿಯಲ್ಲಿ ಅಮೆರಿಕದ ರೋಚೆಸ್ಟರ್ ನಗರದಲ್ಲಿ ಡೇನಿಯಲ್ ಪ್ರೂಡ್ ಎಂಬಾತನು ಹೀಗೆಯೇ ಸತ್ತನು. ಮತಿಗೆಟ್ಟು ಬರಿಮೈಯಲ್ಲಿ ಬೀದಿಗಿಳಿದಿದ್ದ ಅವನ ರಕ್ಷಣೆಗಾಗಿ ಪೋಲೀಸರನ್ನು ಕರೆದಾತನು ಒಡಹುಟ್ಟಿದವನೇ. ಮಾದಕ ದ್ರವ್ಯವೂ ದೇಹದಲ್ಲಿತ್ತೆಂದು ಶವಪರೀಕ್ಷೆ ತಿಳಿಸಿತು. ಆದರೆ ಮೊದಲು ಹೇಳಿದ ಕಾರಣ, ಹಿಡಿದೊತ್ತಿದಾಗ ಉಸಿರುಕಟ್ಟಿದ್ದು.

ಅದೇ ದೇಶದ ಮೆಂಫಿಸ್ ನಗರವು ಇದಕ್ಕೂ ಮೊದಲೇ ಪಾಠ ಕಲಿತಿತ್ತು. ಅಲ್ಲಿ 1987ರಲ್ಲಿ ಪೋಲೀಸರು ಮನೋರೋಗಿಯೊಬ್ಬನನ್ನು ಗುಂಡಿಕ್ಕಿ ಕೊಂದ ಮೇಲೆ, 1988ರಲ್ಲಿ ಆಯ್ದ ಪೋಲೀಸರಿಗೆ 40 ಗಂಟೆಗಳ ವಿಶೇಷ ಶಿಕ್ಷಣ ಆರಂಭವಾಯಿತು. ದೂರ ನಿಲ್ಲುವುದು, ಒಬ್ಬರೇ ಮಾತನಾಡುವುದು, ದನಿ ತಗ್ಗಿಸುವುದು, ಕಾಯುವುದು: ಹೇಳಿಕೊಳ್ಳಲು ಬಹು ಸಾಮಾನ್ಯವಾದ ಸಂಗತಿಗಳು. ಹಿಡಿಯಲೇಬೇಕಾಗಿ ಬಂದರೆ, ಹಿಡಿದ ಕೂಡಲೇ ಪಕ್ಕಕ್ಕೆ ಹೊರಳಿಸಿ ಕೂರಿಸುವುದು.

ನಮ್ಮಲ್ಲಿ 1912ರ ಕಾಯಿದೆಯು ಅಲೆಯುವ ಹುಚ್ಚನನ್ನು ಪೋಲೀಸರು ದಸ್ತಗಿರಿ ಮಾಡಬಹುದೆಂದು ಹೇಳಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 100ನೇ ಕಲಮಿನಲ್ಲಿರುವ ಮಾತು ‘ರಕ್ಷಣೆ’. ತಮಗೆ ನೋಡಿಕೊಳ್ಳಲಾರದೆ ಅಲೆಯುವವರನ್ನೂ, ರೋಗದಿಂದಾಗಿ ತಮಗೋ ಇತರರಿಗೋ ಅಪಾಯ ತರುವವರನ್ನೂ ಠಾಣಾಧಿಕಾರಿಯು ರಕ್ಷಣೆಗೆ ತೆಗೆದುಕೊಂಡು, ಕಾರಣವನ್ನು ತಿಳಿಸಿ, 24 ಗಂಟೆಗಳೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯತಕ್ಕದ್ದು. ಲಾಕಪ್ಪಿನಲ್ಲಾಗಲಿ ಸೆರೆಮನೆಯಲ್ಲಾಗಲಿ ಯಾವ ಸಂದರ್ಭದಲ್ಲಿಯೂ ಇಡಕೂಡದು. ಕಾಯಿದೆ ಚೆನ್ನಾಗಿದೆ, ಆದರೆ ರಾತ್ರಿ ಜೀಪಿನಲ್ಲಿ ಬರುವ ಪೇದೆಗೆ ಅದನ್ನು ಯಾರಾದರೂ ಓದಿ ಹೇಳಿರಬೇಕಲ್ಲ! ಮನೆಯವರ ಕೈಗಾದರೂ ಒಂದು ಸಾಧನವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಹೇಗೆ ಮಾತನಾಡಿಸಬೇಕೆಂದು ಕನ್ನಡದಲ್ಲಿಯೇ ತಿಳಿಯಬಹುದು.

ಸಿದ್ಧಕಟ್ಟೆಯಿಂದ ಬಂಟ್ವಾಳದ ತಾಲ್ಲೂಕು ಆಸ್ಪತ್ರೆಗಾಗಲಿ, ಅಲ್ಲಿಂದ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗಾಗಲಿ ಜೀಪಿನಲ್ಲಿ ಹೋಗಲು ಕೆಲವೇ ಗಂಟೆ ಸಾಕು. ಉಳಿದ ಹೊತ್ತನ್ನು ಅಂಗಳದಲ್ಲಿ ಅವನೊಡನೆ ಮಾತನಾಡುತ್ತ ಕಳೆಯಬಹುದು. ಕಾನೂನು ಅಷ್ಟು ಸಮಯವನ್ನು ಕೊಟ್ಟಿದೆ.