ಸ್ಕ್ರೂಜನನ್ನು ರಂಗಕ್ಕೆ ತಂದವರು

1844ರ ಫೆಬ್ರುವರಿ 5. ಲಂಡನ್ನಿನ ಸ್ಟ್ರಾಂಡ್ ರಸ್ತೆಯ ಅಡೆಲ್ಫಿ ಥಿಯೇಟರಿನಲ್ಲಿ ಗ್ಯಾಸ್ ದೀಪಗಳು ಉರಿಯುತ್ತಿವೆ. ಹೊರಗೆ ಹಬ್ಬ ಮುಗಿದು ಎಷ್ಟೋ ದಿನವಾಗಿದೆ. ಪರದೆಯ ಹಿಂದೆ ಮಾತ್ರ ಈಗಷ್ಟೇ ಕ್ರಿಸ್‌ಮಸ್. ಜಿಪುಣ ಸ್ಕ್ರೂಜನ ವೇಷದಲ್ಲಿ ಓ. ಸ್ಮಿತ್. ಭೂತ, ಖಳ, ರಾಕ್ಷಸರ ಪಾತ್ರಗಳಲ್ಲೇ ಹೆಸರು ಮಾಡಿದ ನಟ.

ಚಾರ್ಲ್ಸ್ ಡಿಕನ್ಸರ ‘ಎ ಕ್ರಿಸ್‌ಮಸ್ ಕ್ಯಾರಲ್’ ಅಂಗಡಿಗೆ ಬಂದದ್ದು 1843ರ ಡಿಸೆಂಬರ್ 19ಕ್ಕೆ. ಹಬ್ಬದ ಮುನ್ನಾದಿನದ ಹೊತ್ತಿಗೆ 6,000 ಪ್ರತಿ ಖಾಲಿ. ಏಳು ವಾರ ತುಂಬುವ ಮೊದಲೇ, ಒಂದೇ ದಿನ, ಊರಿನ ಮೂರು ರಂಗಮಂದಿರಗಳಲ್ಲಿ ನಾಟಕ! ಕಾದಂಬರಿಯನ್ನು ನಾಟಕ ಮಾಡಲು ಲೇಖಕನ ಒಪ್ಪಿಗೆ ಬೇಕೆಂಬ ಕಾನೂನು ಆಗ ಇರಲಿಲ್ಲ. ಅಡೆಲ್ಫಿಗೆ ನಾಟಕ ಬರೆದ ಎಡ್ವರ್ಡ್ ಸ್ಟರ್ಲಿಂಗ್ ಮಾತ್ರ ಡಿಕನ್ಸರ ಸಮ್ಮತಿ ಪಡೆದಿದ್ದ. ಸರ್ರೆ ಥಿಯೇಟರಿನ ನಾಟಕದಲ್ಲಂತೂ ಪುಸ್ತಕದಲ್ಲಿ ಇಲ್ಲದ ಡಾರ್ಕ್ ಸ್ಯಾಮ್ ಎಂಬ ಕಳ್ಳನೂ ಸೇರಿಕೊಂಡ. ಪ್ರೇಕ್ಷಕರಿಗೆ ಒಬ್ಬ ಕೇಡಿಗ ಸಾಲಲಿಲ್ಲವೇನೋ.

ಈ ಕಥೆಯನ್ನು ಆಡಲು ಹೊರಟವರೆಲ್ಲ ಮೊದಲು ತಲೆ ಕೆಡಿಸಿಕೊಳ್ಳುವುದು ಸ್ಕ್ರೂಜನನ್ನು ತಿದ್ದಲು ಬರುವ ದೆವ್ವಗಳಿಗಾಗಿ. ಅವನ ಸತ್ತ ಪಾಲುದಾರ ಮಾರ್ಲಿಯದು ಸುಲಭ: ಸರಪಳಿ, ಬೀಗ, ಹಣದ ಪೆಟ್ಟಿಗೆ, ಲೆಕ್ಕದ ಪುಸ್ತಕ ಕಟ್ಟಿ ಎಳೆಸಿದರಾಯಿತು. ಕಳೆದುಹೋದ ಕ್ರಿಸ್‌ಮಸ್ಸಿನ ಭೂತವೇ ಕಷ್ಟ. ಅದು ಮಗುವೂ ಹೌದು, ಮುದುಕನೂ ಹೌದು. ನೆತ್ತಿಯಿಂದ ಬೆಳಕು ಚಿಮ್ಮುತ್ತದೆ. ನೋಡುತ್ತಿದ್ದ ಹಾಗೇ ಕೈಕಾಲುಗಳ ಲೆಕ್ಕ ತಪ್ಪುತ್ತದೆ. ಯಾವ ಬಡಗಿ, ಯಾವ ದರ್ಜಿ ಇದನ್ನು ಮಾಡಿಕೊಟ್ಟಾನು?

ನನ್ನ ಕೇಳಿದರೆ ನಿಜವಾದ ತೊಡಕು ಬೇರೆ ಕಡೆ ಇದೆ. ಈ ಪುಸ್ತಕದ ಜೀವಾಳ ಕಥೆ ಹೇಳುವವನು. ಅವನು ನಗುತ್ತಾನೆ, ದಾರಿ ತಪ್ಪುತ್ತಾನೆ, ಓದುವವನ ಮೊಣಕೈ ಪಕ್ಕದಲ್ಲೇ ಕೂತವನಂತೆ ಮಾತಾಡುತ್ತಾನೆ. ಕುಂಟ ಹುಡುಗ ಟೈನಿ ಟಿಮ್ ಸಾಯಲಿಲ್ಲ ಎಂದು ಕೊನೆಯಲ್ಲಿ ಹೇಳುವವನೂ ಅವನೇ. ಆ ಮಾತು ಹಸ್ತಪ್ರತಿಯಲ್ಲಿ ಇರಲಿಲ್ಲ, ಅಚ್ಚಿಗೆ ಹೋಗುವಾಗ ಡಿಕನ್ಸ್ ಸೇರಿಸಿದರು. ರಂಗದ ಮೇಲೆ ಅದನ್ನು ಯಾರ ಬಾಯಲ್ಲಿ ಇಡುವುದು?

ಡಿಕನ್ಸರೇ ಉತ್ತರ ಕೊಟ್ಟರು. 1853ರ ಡಿಸೆಂಬರ್ 27ರಂದು ಬರ್ಮಿಂಗ್‌ಹ್ಯಾಮಿನ ಟೌನ್ ಹಾಲಿನಲ್ಲಿ ಒಬ್ಬರೇ ನಿಂತು ಇಡೀ ಕಥೆ ಓದಿದರು; 30ರಂದು ಕೂಲಿ ಕೆಲಸದವರಿಗಾಗಿಯೇ ಇನ್ನೊಮ್ಮೆ. ಮುಂದಿನ ವರ್ಷಗಳಲ್ಲಿ ಓದು ಒಂದು ವ್ಯವಸ್ಥೆಯಾಯಿತು: ಹಿಂದೆ ಗಾಢ ಬಣ್ಣದ ತೆರೆ, ಮೇಲಿಂದ ಮುಖಕ್ಕೆ ಬೀಳುವ ಗ್ಯಾಸ್ ಬೆಳಕು, ಮುಂದೆ ತಾವೇ ಹೇಳಿ ಮಾಡಿಸಿದ ಪುಟ್ಟ ಮೇಜು, ಕೋಟಿನ ಗುಂಡಿಯಲ್ಲೊಂದು ಹೂವು. ಹುಬ್ಬು ಗಂಟಿಕ್ಕಿದರೆ ಸ್ಕ್ರೂಜ್, ದನಿ ಇಳಿಸಿದರೆ ಗುಮಾಸ್ತ ಬಾಬ್ ಕ್ರ್ಯಾಚಿಟ್. ನಮ್ಮ ಹರಿಕಥೆಯ ದಾಸರು ಒಂದೇ ಮೈಯಲ್ಲಿ ರಾಮನೂ ರಾವಣನೂ ಆಗುವಂತೆ. ಪುಸ್ತಕದ ಹಾಳೆ ಬಿಡಿಸಿ, ದೊಡ್ಡ ಕಾಗದಕ್ಕೆ ಅಂಟಿಸಿ, ಸಾಲುಸಾಲು ಹೊಡೆದುಹಾಕಿದ ಅವರ ಓದಿನ ಪ್ರತಿ ಇಂದಿಗೂ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿದೆ. ತಮ್ಮದೇ ವಾಕ್ಯಗಳ ಮೇಲೆ ಅಷ್ಟು ನಿಷ್ಕರುಣೆ! ಕತ್ತರಿ ಹಿಡಿದವರೆಲ್ಲ ಆ ಪುಟಗಳನ್ನು ನೋಡಬೇಕು.

2017ರಲ್ಲಿ ಲಂಡನ್ನಿನ ಓಲ್ಡ್ ವಿಕ್‌ನಲ್ಲಿ ಜಾಕ್ ಥಾರ್ನ್ ಬರೆದು ಮ್ಯಾಥ್ಯೂ ವಾರ್ಕಸ್ ನಿರ್ದೇಶಿಸಿದ ರೂಪ ಇದೇ ದಾರಿ ಹಿಡಿಯಿತು. ತಲೆಯ ಮೇಲೆ ನೂರಾರು ಲಾಟೀನು. ಪ್ರೇಕ್ಷಕರ ನಡುವೆ ಚಾಚಿದ ವೇದಿಕೆ. ಮನೆಯೆಂದರೆ ಬರೀ ಬಾಗಿಲ ಚೌಕಟ್ಟುಗಳು. ಕಥೆ ಹೇಳುವ ಕೆಲಸವನ್ನು ಎತ್ತರದ ಟೋಪಿಯ ನಟರೆಲ್ಲ ಹಂಚಿಕೊಂಡು, ಕೈಗಂಟೆ ಬಾರಿಸಿ ಹಾಡುತ್ತಾರೆ. ಹಬ್ಬದೂಟದ ದಿನಸಿ ಬಾಲ್ಕನಿಯಿಂದ ಜನರ ಕೈ ದಾಟಿ ರಂಗಕ್ಕೆ ಇಳಿಯುತ್ತದೆ. ಅಲ್ಲಿಗೆ ಸಭಾಂಗಣವೆಲ್ಲ ಕ್ರ್ಯಾಚಿಟ್ಟನ ಮನೆಯ ನೆಂಟರು.

ಕನ್ನಡದಲ್ಲಿ ಇದನ್ನು ಆಡುವ ಮನಸ್ಸಿರುವ ತಂಡಗಳಿದ್ದರೆ ಒಂದು ಮಾತು: ಹೊಗೆ ಯಂತ್ರದ ಬಾಡಿಗೆ ಉಳಿಸಿ, ಚೆನ್ನಾಗಿ ಕಥೆ ಹೇಳಬಲ್ಲ ಒಬ್ಬರನ್ನು ಮೊದಲು ಹುಡುಕಿಕೊಳ್ಳಿ.